ಏಳು ವಾರದ ಕೂಸಿಗೆ ಈ ಬಿಸಲಾಗ ನೀರು ಕುಡಿಸಬೇಕೇನ್ರಿ?

ಲಿಂಗಸುಗೂರಿನ ಅಪ್ಪ
*ಸೋಮವಾರ, ರಾತ್ರಿ 9.40*

ಎಲ್ಲರಿಗೂ ನಮಸ್ಕಾರ. ನಮ್ಮ ಮನ್ಯಾಗ ಏಳು ವಾರದ ಹೆಣ್ಣುಕೂಸು ಐತಿ. ಮೊದಲನೇದು. ಲಿಂಗಸುಗೂರು ತಾಲೂಕಿನ ಹಳ್ಳಿ, ತಗಡಿನ ಮನಿ. ಮಧ್ಯಾಹ್ನ ಒಳಗ ಕುಂಡ್ರಾಕ ಆಗಂಗಿಲ್ಲ. ಕರೆಂಟ್ ಹೋತಂದ್ರ ತಾಸುಗಟ್ಲೆ ಬರಂಗಿಲ್ಲ, ಬೀಸಣಿಕಿ ಹಿಡಕೊಂಡು ಪಾಳಿ ಮ್ಯಾಲ ಗಾಳಿ ಹಾಕ್ತೀವಿ.

ನಿನ್ನಿ ಮಧ್ಯಾಹ್ನ ಕೂಸಿನ ತುಟಿ ಒಣಗಿದಂಗ ಕಂಡ್ವು. ಬಟ್ಟಿ ಬದಲ ಮಾಡುವಾಗ ನೋಡಿದ್ರ ಉಚ್ಚಿ ಹಳದಿ ಇತ್ತು. ನಮ್ಮವ್ವ "ಹಾಲು ಅಂದ್ರ ಊಟ, ನೀರು ಅಂದ್ರ ನೀರು. ಕೂಸಿಗೂ ನೀರಡಕಿ ಆಗತೈತಿ" ಅಂತ ಒಳಲ್ಯಾಗ ಸಕ್ಕರಿ ನೀರು ಕಲಿಸಿ ತಂದ್ಲು. ನನ್ನ ಹೆಂಡತಿ "ಆರು ತಿಂಗಳತನಾ ಹನಿ ನೀರೂ ಬ್ಯಾಡ ಅಂತ ಆಸ್ಪತ್ರ್ಯಾಗ ಹೇಳ್ಯಾರ" ಅಂತ ಕೂಸಿನ ಸೆರಗಿನಾಗ ಮುಚ್ಚಿಕೊಂಡ್ಲು. ಇಬ್ರೂ ನನ್ನ ಮುಖ ನೋಡಿದ್ರು. ನನಗ ಏನ್ ಹೇಳಬೇಕೋ ತಿಳೀಲಿಲ್ಲ.

ನಮ್ಮವ್ವ ನಾಲ್ಕು ಮಕ್ಕಳನ್ನ ಇದೇ ಬಿಸಲಾಗ ಬೆಳಸ್ಯಾಳ. ಆಕಿ ಮಾತು ತಗದು ಒಗಿಯಾಕ ಮನಸ್ಸು ಬರವಲ್ದು. ನನಗ ಬರೇ "ಬ್ಯಾಡ" ಅನ್ನೋದು ಸಾಲದು, ಯಾಕ ಬ್ಯಾಡ ಅನ್ನೋದು ಬೇಕು. ಅವ್ವಗ ಕುಂದ್ರಿಸಿ ಹೇಳಂಗಿರಬೇಕು.

ಸಂಡೂರಿನ ಸಿಸ್ಟರ್
*ಸೋಮವಾರ, ರಾತ್ರಿ 10.05*

ಅಣ್ಣಾರ, ಕಾರಣ ಆಮೇಲೆ ಹೇಳ್ತೀನಿ. ಮೊದಲು ಇಷ್ಟು ಹೇಳಿ. ನಿನ್ನೆ ಬೆಳಗಿನಿಂದ ಇವತ್ತು ಬೆಳಗಿನ ತನಕ ಎಷ್ಟು ಬಟ್ಟೆ ಒದ್ದೆಯಾದವು? ಎಷ್ಟು ಸಲ ಹಾಲು ಕುಡಿಯಿತು? ಮೈ ಸುಡುತ್ತಿದೆಯಾ? ನೆತ್ತಿ ಮುಟ್ಟಿ ನೋಡಿ, ತಗ್ಗು ಬಿದ್ದಿದೆಯಾ? ಎಬ್ಬಿಸಿದರೆ ಚುರುಕಾಗಿ ಬಾಯಿ ಹಾಕುತ್ತದಾ, ಇಲ್ಲಾ ಜೋತು ಬಿದ್ದಂಗಿದೆಯಾ?

ಲಿಂಗಸುಗೂರಿನ ಅಪ್ಪ
*ಸೋಮವಾರ, ರಾತ್ರಿ 10.20*

ಎಂಟು ಬಟ್ಟಿ ಆದ್ವು ಅಂತಾಳ. ಹಾಲು ಹತ್ತು ಸಲ. ಜ್ವರ ಇಲ್ಲ. ನೆತ್ತಿ ತಗ್ಗು ಬಿದ್ದಿಲ್ರಿ, ಬಡಕೊಳ್ಳೋದು ಕಾಣತೈತಿ. ಈಗ ಕಾಲು ಒದಿಯಾಕ ಹತ್ಯಾಳ. ಉಚ್ಚಿ ಹಳದಿ ಇದ್ದದ್ದು ಒಂದೇ ಸಲ, ಮಧ್ಯಾಹ್ನ ಮೂರು ತಾಸು ಮಲಗಿ ಎದ್ದ ಮ್ಯಾಲ.

ಸಂಡೂರಿನ ಸಿಸ್ಟರ್
*ಸೋಮವಾರ, ರಾತ್ರಿ 11.10*

ಹಾಗಿದ್ದರೆ ಹೆದರಬೇಡಿ. ದಿನಕ್ಕೆ ಆರು ಬಟ್ಟೆ ಒದ್ದೆಯಾದರೆ ಕೂಸಿಗೆ ನೀರು ಸಾಕಾಗಿದೆ ಎಂದೇ ಲೆಕ್ಕ, ನಿಮ್ಮಲ್ಲಿ ಎಂಟು ಆಗಿವೆ. ಮೂರು ತಾಸು ಕುಡಿಯದೆ ಮಲಗಿದ್ದಕ್ಕೆ ಒಂದು ಸಲ ಹಳದಿಯಾಗಿದೆ. ಬೇಸಿಗೆಯಲ್ಲಿ ಮಧ್ಯಾಹ್ನ ಎರಡು ತಾಸಿಗೊಮ್ಮೆ ಎಬ್ಬಿಸಿ ಎದೆಗೆ ಹಚ್ಚಿ. ನೀರಿನ ಬದಲು ಮಾಡಬೇಕಾದ್ದು ಅಷ್ಟೇ.

ಈಗ ಅವ್ವಾರಿಗೆ ಹೇಳುವ ಕಾರಣ. ಹತ್ತೊಂಬತ್ತು ವರ್ಷದಿಂದ ಹೆರಿಗೆ ವಾರ್ಡಿನಲ್ಲಿದ್ದೇನೆ, ಪ್ರತಿ ಏಪ್ರಿಲ್‌ನಲ್ಲಿ ಇದೇ ಪ್ರಶ್ನೆ ಬರುತ್ತದೆ.

ತಾಯಿಯ ಹಾಲಿನಲ್ಲಿ ನೂರಕ್ಕೆ 87-88 ಪಾಲು ನೀರೇ ಇದೆ. ಉಳಿದದ್ದರಲ್ಲಿ ಏಳು ಪಾಲಿನಷ್ಟು ಲ್ಯಾಕ್ಟೋಸ್ ಎಂಬ ಸಕ್ಕರೆ, ನಾಲ್ಕು ಪಾಲಿನ ಆಸುಪಾಸು ಜಿಡ್ಡು, ಪ್ರೋಟೀನು ಬರೀ ಒಂದು ಪಾಲು. ಆ ಒಂದು ಪಾಲನ್ನು ಮನಸ್ಸಿನಲ್ಲಿಟ್ಟುಕೊಳ್ಳಿ, ನೀರಿನ ಗುಟ್ಟು ಅದರಲ್ಲಿದೆ. ಹಸುವಿನ ಹಾಲಿನಲ್ಲಿ ಪ್ರೋಟೀನು ಮೂರು ಪಾಲಿಗೂ ಮೇಲೆ, ಉಪ್ಪಿನಂಶವೂ ಸುಮಾರು ಮೂರು ಪಟ್ಟು. ಕರುವಿಗೆ ಅದು ಬೇಕು, ಅದು ಬೇಗ ಬೆಳೆಯಬೇಕು. ನಮ್ಮ ಕೂಸಿನ ಎಳೆಯ ಮೂತ್ರಪಿಂಡಕ್ಕೆ ಅಷ್ಟು ಹೊರೆ ಹೊರಗೆ ಹಾಕಲು ಹೆಚ್ಚು ನೀರು ಖರ್ಚಾಗುತ್ತದೆ. ತಾಯಿ ಹಾಲಿನಲ್ಲಿ ಆ ಹೊರೆಯೇ ಕಡಿಮೆ. ಅದರಿಂದ ಹಾಲಿನಲ್ಲಿದ್ದ ನೀರು ಉಳಿದು ಬೆವರಿಗೂ ಉಸಿರಿಗೂ ಒದಗುತ್ತದೆ.

ಇದನ್ನು ನಮ್ಮ ದೇಶದ ಬೇಸಿಗೆಯಲ್ಲೇ ನೋಡಿದ್ದಾರೆ. ಡಾ. ಎಚ್.ಪಿ.ಎಸ್. ಸಚ್‌ದೇವ್ ಮತ್ತು ಜೊತೆಯವರು ದೆಹಲಿಯ ಬಿಸಿಲುಗಾಲದಲ್ಲಿ ಬರೀ ಎದೆಹಾಲು ಕುಡಿಯುವ ಕೂಸುಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ನೀರು ಕೊಟ್ಟು ಇನ್ನೊಂದಕ್ಕೆ ಕೊಡದೆ ತೂಗಿ ಅಳೆದರು. 1991ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ನೀರು ಕುಡಿಯದ ಕೂಸುಗಳ ಮೈಯಲ್ಲಿ ನೀರಿನ ಕೊರತೆ ಕಾಣಲಿಲ್ಲ. ನೀರು ಕುಡಿದವು ಎದೆಹಾಲು ಕಡಿಮೆ ಕುಡಿದವು.

ಆ ಕಡೆಯ ಮಾತೇ ನನಗೆ ದೊಡ್ಡದು. ಕೂಸಿನ ಹೊಟ್ಟೆ ಎಷ್ಟಿರುತ್ತದೆ? ಒಂದು ಸಣ್ಣ ಒಳಲೆಯಲ್ಲಿ 30 ಮಿ.ಲೀ. ನೀರು ಹಾಕಿದರೆ ಆ ಜಾಗದಲ್ಲಿ ಹೋಗಬೇಕಿದ್ದ ಹಾಲು, ಅದರ 20 ಕ್ಯಾಲೊರಿ, ಎರಡೂ ಹೋದವು. ದಿನಕ್ಕೆ ನಾಲ್ಕು ಸಲ ಹಾಗೆ ಮಾಡಿದರೆ ಒಂದು ಹೊತ್ತಿನ ಊಟವನ್ನೇ ಕಸಿದಂತೆ. ಕೂಸು ಕಡಿಮೆ ಜಗ್ಗಿದರೆ ತಾಯಿಗೆ ಹಾಲೂ ಕಡಿಮೆ ಇಳಿಯುತ್ತದೆ. ಆಮೇಲೆ "ಈಕಿಗೆ ಹಾಲು ಸಾಲವಲ್ದು" ಎಂದು ಡಬ್ಬಿ ಹಾಲು ಮನೆಗೆ ಬರುತ್ತದೆ. ಈ ಸರಪಳಿಯನ್ನು ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ.

ಇನ್ನೊಂದು, ಅವ್ವಾರ ಮಾತಿನಲ್ಲೂ ಒಂದು ಸತ್ಯ ಇದೆ. ಒಂದೇ ಸಲದ ಕುಡಿತದಲ್ಲಿ ಮೊದಮೊದಲು ಬರುವ ಹಾಲು ತೆಳು, ಬರಬರುತ್ತಾ ಜಿಡ್ಡು ಏರುತ್ತದೆ. ನೀರೂ ಊಟವೂ ಅದೇ ಎದೆಯಲ್ಲಿ ಇವೆ ಎಂದು ಹೇಳಿ ನೋಡಿ.

ಕುಷ್ಟಗಿ ಮೇಷ್ಟ್ರು
*ಮಂಗಳವಾರ, ಬೆಳಿಗ್ಗೆ 6.30*

ಸಿಸ್ಟರ್ ಹೇಳಿದ್ದು ಎಷ್ಟು ನೀರು ಅನ್ನೋ ಲೆಕ್ಕ. ಯಾವ ನೀರು ಅನ್ನೋದನ್ನ ನಾನು ಹೇಳ್ತೀನಿ.

ಕುಷ್ಟಗಿ, ಯಲಬುರ್ಗಾ, ಲಿಂಗಸುಗೂರು, ಈ ಕಡೆ ಎಲ್ಲಾ ಬೋರಿನ ನೀರಾಗ ಫ್ಲೋರೈಡ್ ಕಾಟ ಐತಿ. ನಮ್ಮ ನೆಲದಾಗಿನ ಗ್ರಾನೈಟ್ ಕಲ್ಲಿನಿಂದ ಕರಗಿ ಬರೋದು ಅದು. ಕುಡಿಯೋ ನೀರಾಗ ಲೀಟರಿಗೆ 1 ಮಿ.ಗ್ರಾಂ ಒಳಗಿರಬೇಕು, ಬ್ಯಾರೆ ನೀರು ಸಿಗದಿದ್ರ 1.5ರ ತನಕ ಅಂತ ಭಾರತೀಯ ಮಾನಕ ಹೇಳತೈತಿ. ನನ್ನ ಏಳನೇ ಇಯತ್ತೆ ಮಕ್ಕಳು ನಕ್ಕಾಗ ಹಲ್ಲಿನ ಮ್ಯಾಲ ಕಂದು ಗೆರಿ ಕಾಣತಾವ. ತಿಕ್ಕಿದ್ರ ಹೋಗಂಗಿಲ್ಲ, ಹಲ್ಲು ಹುಟ್ಟೋಕಿಂತ ಮೊದಲೇ ಒಳಗ ಕುಂತ ಗೆರಿ ಅವು. ಒಬ್ಬ ಹುಡುಗಿ ಬಾಯಿಗೆ ಕೈ ಅಡ್ಡ ಇಟ್ಕೊಂಡೇ ಉತ್ತರ ಹೇಳ್ತಾಳ. ಅದನ್ನ ನೋಡಿದಾಗೆಲ್ಲ ಕರುಳು ಚುರ್ ಅಂತೈತಿ.

ಈಗ ಎದೆಹಾಲಿಗೆ ಬರ್ರಿ. ತಾಯಿ ಕುಡಿಯೋ ನೀರಾಗ ಫ್ಲೋರೈಡ್ ಜಾಸ್ತಿ ಇದ್ರೂ ಆಕಿ ಹಾಲಿಗೆ ಅದು ಇಳಿಯೋದು ತೀರಾ ಕಡಿಮಿ, ಲೀಟರಿಗೆ 0.01 ಮಿ.ಗ್ರಾಂ ಆಸುಪಾಸು. ತಾಯಿ ಮೈಯೇ ಜರಡಿ ಹಿಡಿದಂಗ. ಅದೇ ಬೋರಿನ ನೀರನ್ನ ನೇರ ಕೂಸಿಗೆ ಕೊಟ್ರ, ಇಲ್ಲಾ ಪೌಡರ್ ಹಾಲು ಕಲಿಸಿ ಕೊಟ್ರ, ಆ ಜರಡಿ ತಪ್ಪಿಸಿದಂಗ ಆತು.

"ಕಾಸಿ ಆರಿಸಿ ಕೊಡ್ತೀವಿ" ಅಂತಾರ ಜನ. ಕಾಸಿದ್ರ ಕ್ರಿಮಿ ಸಾಯ್ತಾವ, ಫ್ಲೋರೈಡ್ ಹೋಗಂಗಿಲ್ಲ. ನೀರು ಆವಿ ಆಗಿ ಇಳಿದಷ್ಟೂ ಉಳಿದ ನೀರಾಗ ಅದು ಗಟ್ಟಿ ಆಗತೈತಿ. ನಲ್ಲಿ ನೀರು ಇದ್ದ ಊರಿನವರೂ ನಿಶ್ಚಿಂತಿ ಇರಬ್ಯಾಡ್ರಿ. 2022ರಾಗ ರಾಯಚೂರು ನಗರದಾಗ ಕಲುಷಿತ ನೀರು ಕುಡಿದು ದೊಡ್ಡವರೇ ವಾಂತಿ-ಭೇದಿಯಿಂದ ಆಸ್ಪತ್ರಿ ಸೇರಿದ್ದು ನಮಗೆಲ್ಲ ನೆನಪೈತಿ. ಏಳು ವಾರದ ಕೂಸಿನ ಗತಿ ಏನು?

ದೇವದುರ್ಗದ ಹಿರಿಯ
*ಮಂಗಳವಾರ, ಬೆಳಿಗ್ಗೆ 8.15*

ಎಲ್ಲಾ ಓದಿದೆ. ಬೇಜಾರು ಮಾಡ್ಕೋಬ್ಯಾಡ್ರಿ, ಒಂದು ಕೇಳ್ತೀನಿ. ನಾವು ಏಳು ಮಂದಿ ಹುಟ್ಟಿದ್ವಿ. ನಮ್ಮವ್ವ ಎಲ್ಲರಿಗೂ ಬಜಿ ತೇಯ್ದು ನೆಕ್ಕಿಸ್ಯಾಳ, ನೀರು ಕುಡಿಸ್ಯಾಳ, ಆಕಳ ಹಾಲು ಹಾಕ್ಯಾಳ. ನನಗೀಗ ಅರವತ್ತೆಂಟು. ಹೊಲಕ್ಕ ನಡಕೊಂಡು ಹೋಗ್ತೀನಿ. ನಮಗೇನಾತು?

ಕುಷ್ಟಗಿ ಮೇಷ್ಟ್ರು
*ಮಂಗಳವಾರ, ಬೆಳಿಗ್ಗೆ 9.00*

ಹಿರಿಯರ, ಕೇಳಿದ್ದು ಬರೋಬ್ಬರಿ ಐತಿ. ನಿಮ್ಮ ಏಳು ಮಂದ್ಯಾಗ ಎಷ್ಟು ಮಂದಿ ವರ್ಷ ದಾಟಿದ್ರು ಅಂತ ಕೇಳಬಹುದೇನ್ರಿ? ನೋವಾದ್ರ ಉತ್ತರ ಬ್ಯಾಡ.

ದೇವದುರ್ಗದ ಹಿರಿಯ
*ಮಂಗಳವಾರ, ಬೆಳಿಗ್ಗೆ 9.25*

ಐದು. ಎರಡು ಕೂಸು ಬೇಸಿಗ್ಯಾಗ ಹೋದ್ವು. ಭೇದಿ ಆಗಿ. ಅವ್ವ ಅದನ್ನ ದೃಷ್ಟಿ ಅಂತಿದ್ಲು.

ಕುಷ್ಟಗಿ ಮೇಷ್ಟ್ರು
*ಮಂಗಳವಾರ, ಬೆಳಿಗ್ಗೆ 9.50*

ಕ್ಷಮಿಸ್ರಿ, ಹಿರಿಯರ. ನಿಮ್ಮವ್ವನ ತಪ್ಪು ಇದರಾಗ ಏನೂ ಇಲ್ಲ. ಆಕಿಗೆ ಆಗ ಹೇಳೋರೇ ಇರಲಿಲ್ಲ.

ಬ್ರೆಜಿಲ್ ದೇಶದ ಪೆಲೋಟಾಸ್, ಪೋರ್ಟೊ ಅಲೆಗ್ರೆ ಅನ್ನೋ ಎರಡು ಊರಾಗ ಸೀಸರ್ ವಿಕ್ಟೋರಾ ಅನ್ನೋ ವೈದ್ಯರ ತಂಡ ವರ್ಷದೊಳಗ ತೀರಿಹೋದ ಕೂಸುಗಳ ಮನಿ ಮನಿಗೆ ಹೋಗಿ ಏನು ಕುಡಿಸ್ತಿದ್ರಿ ಅಂತ ಕೇಳಿ ಬರಕೊಂಡ್ರು, ಬದುಕಿದ ಕೂಸುಗಳ ಮನ್ಯಾಗೂ ಕೇಳಿದ್ರು. 1987ರಾಗ ಪ್ರಕಟ ಆತು. ಬರೇ ಎದೆಹಾಲು ಕುಡಿಯೋ ಕೂಸಿಗಿಂತ, ಎದೆಹಾಲೇ ಸಿಗದ ಕೂಸು ಭೇದಿಯಿಂದ ಸಾಯೋ ಅಪಾಯ 14.2 ಪಟ್ಟು. ಎದೆಹಾಲಿನ ಜೋಡಿ ಬ್ಯಾರೆ ಹಾಲೂ ಕುಡಿಯೋ ಕೂಸಿಗೆ 4.2 ಪಟ್ಟು. ಎದೆಹಾಲು ಕೊಡಾಕ ಹತ್ತೀವಲ್ಲ, ಜೋಡಿಗೆ ಸ್ವಲ್ಪ ಬ್ಯಾರೆ ಕೊಟ್ರ ಏನಾತು ಅನ್ನೋರು ಆ ಎರಡನೇ ಅಂಕಿ ನೋಡಬೇಕು.

ಸಿರುಗುಪ್ಪದ ರೈತ
*ಮಂಗಳವಾರ, ಮಧ್ಯಾಹ್ನ 1.30*

ನಾನು ಓದಿದ್ದು ಕಡಿಮಿ. ಆದ್ರ ಎಮ್ಮಿ ಕಟ್ಟಿ ಇಪ್ಪತ್ತೈದು ವರ್ಷ ಆತು. ಒಂದು ಮಾತು ಹೇಳಬೇಕನಿಸ್ತು.

ಎಮ್ಮಿ ಈದ ರಾತ್ರಿ ನಾವು ಮಲಗಂಗಿಲ್ಲ. ಕರ ನಡಗ್ತಾ ಎದ್ದು ನಿಂತ ಕೂಡ್ಲೆ ಅದರ ಬಾಯಾಗ ಬೆರಳು ಇಟ್ಟು ಚೀಪಿಸಿ, ಹಂಗ ಕೆಚ್ಚಲಿಗೆ ತಂದು ಹಚ್ಚತೀವಿ. ಗಿಣ್ಣು ಹೊಟ್ಟಿಗೆ ಹೋಗಬೇಕು. ಹೋಗಲಿಲ್ಲ ಅಂದ್ರ ವಾರದಾಗ ಕರ ಬಿಳಿ ಭೇದಿ ಹತ್ತಿ ಮಲಗತೈತಿ. ಇದನ್ನ ಯಾವ ಡಾಕ್ಟರೂ ಕಲಿಸಿಲ್ಲ, ನಮ್ಮಪ್ಪ ಕಲಿಸಿದ್ದು.

ಅದೇ ನಮ್ಮ ಮನ್ಯಾಗ ಮೊದಲ ಮಗ ಹುಟ್ಟಿದಾಗ ಓಣಿ ಹೆಂಗಸರು ಬಂದು ನನ್ನ ಹೆಂಡತಿಯ ಮೊದಲ ಹಾಲನ್ನ ಹಿಂಡಿಸಿ ಗೋಡಿಗೆ ಚೆಲ್ಲಿಸಿದ್ರು. ಹಳದಿ ಐತಿ, ಕೆಟ್ಟ ಹಾಲು ಅಂತ. ನಾನು ಬಾಗಿಲಾಗ ನಿಂತು ನೋಡಿದೆ. ಕರುವಿಗೆ ಕೊಟ್ಟಿದ್ದನ್ನ ಮಗನಿಗೆ ಕೊಡಲಿಲ್ಲ. ಮೂರು ದಿನ ಜೇನುತುಪ್ಪ ನೆಕ್ಕಿಸಿದ್ವಿ. ಮಗ ಬದುಕಿದ, ದೇವರ ದಯಾ. ಆದ್ರ ಗೋಡಿ ಮ್ಯಾಲಿನ ಆ ಹಳದಿ ಕಲೆ ನನ್ನ ಕಣ್ಣಾಗಿಂದ ಹೋಗಿಲ್ಲ.

ಬಳ್ಳಾರಿ ಸೂಕ್ಷ್ಮದರ್ಶಕ
*ಮಂಗಳವಾರ, ಸಂಜೆ 5.45*

ಅಣ್ಣಾರ, ನಿಮ್ಮ ಮಾತಿನಿಂದಲೇ ಶುರು ಮಾಡುತ್ತೇನೆ. ನಾನು ಸೂಕ್ಷ್ಮಜೀವಿ ಶಾಸ್ತ್ರ ಓದಿದವಳು, ಈಗ ಎರಡು ಮಕ್ಕಳ ತಾಯಿ. ಈ ವಿಷಯ ಸಿಕ್ಕರೆ ಬಿಡಲಾರೆ, ಸ್ವಲ್ಪ ಉದ್ದವಾದರೆ ತಾಳಿಕೊಳ್ಳಿ.

ಕರು ಹುಟ್ಟುವಾಗ ಅದರ ರಕ್ತದಲ್ಲಿ ತಾಯಿಯ ರೋಗನಿರೋಧಕ ವಸ್ತು ಇರುವುದೇ ಇಲ್ಲ ಎನ್ನಬಹುದು. ಗಿಣ್ಣಿನಿಂದಲೇ ಬರಬೇಕು. ಅದೂ ಮೊದಲ ದಿನದೊಳಗೆ, ಆಮೇಲೆ ಕರುಳಿನ ಬಾಗಿಲು ಮುಚ್ಚಿಬಿಡುತ್ತದೆ. ಮನುಷ್ಯರ ಕೂಸಿಗೆ ಹೊಟ್ಟೆಯಲ್ಲಿರುವಾಗಲೇ ಮಾಸಿನ ಮೂಲಕ ರಕ್ತಕ್ಕೆ ಒಂದಷ್ಟು ಸಿಕ್ಕಿರುತ್ತದೆ. ಹಾಗಾಗಿ ನಿಮ್ಮ ಮಗ ಬದುಕಿದ. ಆದರೆ ಕರುಳಿನ ಕಾವಲು ಮಾತ್ರ ಹಾಲಿನಿಂದಲೇ ಬರಬೇಕು. ಆ ಹಳದಿ ಹಾಲಿನಲ್ಲಿ ಐಜಿಎ ಎಂಬ ಪ್ರತಿಕಾಯ ಆಮೇಲಿನ ಹಾಲಿಗಿಂತ ಎಷ್ಟೋ ಪಟ್ಟು ಹೆಚ್ಚು. ಹಳದಿ ಬಣ್ಣ ಕೊಡುವುದು ಕ್ಯಾರೊಟಿನಾಯ್ಡು, ಗಜ್ಜರಿಗೆ ಬಣ್ಣ ಕೊಡುವ ಜಾತಿಯದೇ.

ಈ ಐಜಿಎ ಎಲ್ಲಿಂದ ಬರುತ್ತದೆ ಎಂಬುದು ನನಗೆ ಎಷ್ಟು ಸಲ ಓದಿದರೂ ಹೊಸದು. ತಾಯಿ ಉಣ್ಣುವ ಅನ್ನದ ಜೊತೆ, ಕುಡಿಯುವ ನೀರಿನ ಜೊತೆ ನಮ್ಮೂರಿನ ಕ್ರಿಮಿಗಳು ಆಕೆಯ ಕರುಳಿಗೆ ಹೋಗುತ್ತವೆ. ಅಲ್ಲಿ ಅವುಗಳ ಗುರುತು ಹಿಡಿದ ರಕ್ಷಕ ಕೋಶಗಳು ರಕ್ತದಲ್ಲಿ ಸಾಗಿ ಎದೆಗೆ ಬಂದು ನೆಲೆಸಿ, ಅದೇ ಕ್ರಿಮಿಗೆ ತಕ್ಕ ಐಜಿಎ ತಯಾರಿಸಿ ಹಾಲಿಗೆ ಬಿಡುತ್ತವೆ. ಸಿರುಗುಪ್ಪದ ತಾಯಿಯ ಹಾಲಿನಲ್ಲಿ ಸಿರುಗುಪ್ಪದ ರೋಗಕ್ಕೆ ಬೇಕಾದ ಕಾವಲು ಇರುತ್ತದೆ. ಯಾವ ಡಬ್ಬಿಯಲ್ಲೂ ಇದನ್ನು ತುಂಬಲು ಬರುವುದಿಲ್ಲ. ಈ ಐಜಿಎ ಕೂಸಿನ ಹೊಟ್ಟೆಯಲ್ಲಿ ಬೇಗ ಜೀರ್ಣವಾಗದೆ ಕರುಳಿನ ಒಳಗೋಡೆಗೆ ಕಾವಲು ನಿಂತು ಕ್ರಿಮಿ ಅಂಟದಂತೆ ತಡೆಯುತ್ತದೆ.

ಇನ್ನು ಸಕ್ಕರೆಯ ಕಥೆ. ಸಿಸ್ಟರ್ ಲ್ಯಾಕ್ಟೋಸ್ ಹೇಳಿದರು. ಅದರ ಜೊತೆಗೆ ಒಂದು ಲೀಟರ್ ಎದೆಹಾಲಿನಲ್ಲಿ 5ರಿಂದ 15 ಗ್ರಾಂ ತನಕ ಬೇರೆ ಜಾತಿಯ ಸಕ್ಕರೆಗಳ ಗುಂಪು ಇರುತ್ತದೆ. ಆಲಿಗೊಸ್ಯಾಕರೈಡ್ ಎನ್ನುತ್ತಾರೆ. ನೂರೈವತ್ತಕ್ಕೂ ಹೆಚ್ಚು ಬಗೆ ಗುರುತಿಸಿದ್ದಾರೆ. ಮೊದಲ ಹಾಲಿನಲ್ಲಿ ಇನ್ನೂ ಹೆಚ್ಚು. ಹಸುವಿನ ಹಾಲಿನಲ್ಲಿ ತೀರಾ ಅತ್ಯಲ್ಪ. ಲ್ಯಾಕ್ಟೋಸ್, ಜಿಡ್ಡು ಬಿಟ್ಟರೆ ಹಾಲಿನಲ್ಲಿ ಕರಗಿರುವ ಗಟ್ಟಿ ಪದಾರ್ಥಗಳಲ್ಲಿ ಇದರದೇ ಮೂರನೇ ಸ್ಥಾನ.

ಆದರೆ ಕೂಸಿಗೆ ಇದು ಜೀರ್ಣವೇ ಆಗುವುದಿಲ್ಲ!

ಬಾಣಂತಿ ತನ್ನ ಮೈ ಬಸಿದು ಮಾಡಿದ್ದು ಕೂಸಿಗೆ ದಕ್ಕದಿದ್ದರೆ ಮತ್ಯಾರಿಗೆ? ಉತ್ತರ ಸಿಗಲು ನೂರು ವರ್ಷ ಬೇಕಾಯಿತು. 1900ರ ಹೊತ್ತಿಗೆ ಪ್ಯಾರಿಸ್‌ನ ಪಾಶ್ಚರ್ ಸಂಸ್ಥೆಯಲ್ಲಿ ಆನ್ರಿ ತಿಸ್ಸಿಯೆ ಎಂಬುವರು ಎದೆಹಾಲು ಕುಡಿಯುವ ಕೂಸಿನ ಮಲದಲ್ಲಿ ಕವಲೊಡೆದ ಕಡ್ಡಿಯಂಥ ಬ್ಯಾಕ್ಟೀರಿಯಾ ಕಂಡರು. ಈಗ ಅದನ್ನು ಬೈಫಿಡೊಬ್ಯಾಕ್ಟೀರಿಯಂ ಎನ್ನುತ್ತೇವೆ. 1950ರ ದಶಕದಲ್ಲಿ ಪಾಲ್ ಗ್ಯೋರ್ಗಿ ಮತ್ತು ರಿಚರ್ಡ್ ಕೂನ್, ಈ ಜೀವಿ ಬೆಳೆಯಲು ಬೇಕಾದ ಅಂಶ ಎದೆಹಾಲಿನ ಆ ಸಕ್ಕರೆಗಳೇ ಎಂದು ತೋರಿಸಿದರು. 2008ರಲ್ಲಿ ಕ್ಯಾಲಿಫೋರ್ನಿಯಾದ ಡೇವಿಸ್ ವಿಶ್ವವಿದ್ಯಾಲಯದವರು ಇದರದೇ ಇನ್ಫಾಂಟಿಸ್ ಎಂಬ ತಳಿಯ ಪೂರ್ತಿ ಜೀನೋಮ್, ಅಂದರೆ ವಂಶವಾಹಿಗಳ ಬರಹ, ಓದಿದಾಗ, ಈ ಸಕ್ಕರೆಗಳನ್ನು ಒಳಗೆಳೆದು ಒಡೆಯುವ ಸಲಕರಣೆಯೆಲ್ಲ ಅದರಲ್ಲಿ ಜೋಡಿಸಿಟ್ಟಂತೆ ಸಿಕ್ಕಿತು. ತಾಯಿ ಎರಡು ಜೀವಕ್ಕೆ ಉಣಿಸುತ್ತಿದ್ದಾಳೆ, ಒಂದು ಕೂಸು, ಇನ್ನೊಂದು ಕೂಸಿನ ಹೊಟ್ಟೆಯ ಈ ಒಕ್ಕಲು.

ಆ ಒಕ್ಕಲು ಉಂಡು ಬಿಡುವ ಹುಳಿಯಿಂದ ಕರುಳು ಹುಳಿಯಾಗಿ, ಭೇದಿ ತರುವ ಕ್ರಿಮಿಗಳಿಗೆ ಅಲ್ಲಿ ನಿಲ್ಲಲು ಆಗುವುದಿಲ್ಲ. ಬರೀ ಎದೆಹಾಲು ಕುಡಿಯುವ ಕೂಸಿನ ಬಟ್ಟೆ ಒಗೆದವರಿಗೆ ಗೊತ್ತು, ಸಾಸಿವೆ ಬಣ್ಣದ ಮಲ, ಮೊಸರಿನಂಥ ಹುಳಿ ವಾಸನೆ. ಬೇರೆ ಹಾಲು ಬಿದ್ದ ದಿನ ಆ ವಾಸನೆ ಬದಲಾಗುತ್ತದೆ. ನಮ್ಮ ಅಜ್ಜಿಯರು ಮೂಗಿನಿಂದಲೇ ಹೇಳುತ್ತಿದ್ದರು.

ಒಂದು ಎಚ್ಚರಿಕೆಯನ್ನೂ ಹೇಳದಿದ್ದರೆ ತಪ್ಪಾಗುತ್ತದೆ. ಎದೆಹಾಲಿಗೆ ಇಲ್ಲದ ಪವಾಡಗಳನ್ನೆಲ್ಲ ಕಟ್ಟಬಾರದು. ಬೆಲಾರುಸ್ ದೇಶದಲ್ಲಿ 17,046 ತಾಯಿ-ಮಗು ಜೋಡಿಗಳ ಮೇಲೆ ದೊಡ್ಡ ಪ್ರಯೋಗ ನಡೆಯಿತು. ಹಾಲೂಡಿಸಲು ಹೆಚ್ಚು ಬೆಂಬಲ ಸಿಕ್ಕ ಆಸ್ಪತ್ರೆಗಳ ಕೂಸುಗಳಲ್ಲಿ ಮೊದಲ ವರ್ಷ ಹೊಟ್ಟೆಯ ಸೋಂಕು ನೂರಕ್ಕೆ 9.1, ಉಳಿದವುಗಳಲ್ಲಿ 13.2. ಆದರೆ ಆರೂವರೆ ವರ್ಷಕ್ಕೆ ನೋಡಿದಾಗ ಆಸ್ತಮಾದಲ್ಲಿ, ಬೊಜ್ಜಿನಲ್ಲಿ ವ್ಯತ್ಯಾಸ ಕಾಣಲಿಲ್ಲ. ಹೊಟ್ಟೆಯ ರಕ್ಷಣೆ ಮಾತ್ರ ಅಲ್ಲಾಡದ ಸತ್ಯ, ನಮ್ಮ ಊರಿನ ನೀರಿಗೆ ಬೇಕಾದ್ದೂ ಅದೇ.

ಗಂಗಾವತಿ ಸೊಸೆ
*ಮಂಗಳವಾರ, ರಾತ್ರಿ 11.30*

ಇಷ್ಟೊತ್ತು ಬರೀ ಓದಾಕ ಹತ್ತಿದ್ದೆ. ಎಲ್ಲಾರೂ ಕೂಸಿನ ನೀರಿನ ಮಾತು ಆಡ್ಲಿಕ್ಕೆ ಹತ್ತೀರಿ. ಬಾಣಂತಿ ನೀರಿನ ಮಾತು ಯಾರೂ ಎತ್ತವಲ್ರು.

ನನ್ನ ಬಾಣಂತನ ಮೇ ತಿಂಗಳಾಗ ಆತು. ಕಿಟಕಿ ಬಂದ್, ತಲಿಗೆ ಬಟ್ಟಿ, ಮಂಚದ ಕೆಳಗ ಕೆಂಡದ ಅಗ್ಗಿಷ್ಟಿಕಿ. ದಿನಕ್ಕ ಎರಡು ಲೋಟ ಕಾಸಿದ ನೀರು, ಅದರ ಮ್ಯಾಲ ಕೇಳಿದ್ರ "ಹೊಟ್ಟಿ ಬರತೈತಿ, ಸೀತ ಆಗತೈತಿ" ಅಂತಿದ್ರು. ಊಟ ಅಂದ್ರ ಬಿಳಿ ಅನ್ನ, ತುಪ್ಪ, ಬೆಳ್ಳುಳ್ಳಿ ಖಾರ. ಪಲ್ಲೆ ಬ್ಯಾಡ, ಬ್ಯಾಳಿ ಬ್ಯಾಡ. ಕೂಸು ಎದಿಗೆ ಬಾಯಿ ಹಚ್ಚಿದ ಕೂಡ್ಲೆ ನನ್ನ ಗಂಟಲ ಹೆಂಗ ಒಣಗತಿತ್ತು ಅಂದ್ರ, ಒಂದಿನ ರಾತ್ರಿ ಎದ್ದು ಕೂಸಿನ ಬಟ್ಟಿ ಒಗಿಯಾಕ ಇಟ್ಟ ಬಕೆಟ್ಟಿನ ನೀರು ಕುಡಿದೆ. ಯಾರಿಗೂ ಹೇಳಿಲ್ಲ. ಇವತ್ತ ಹೇಳ್ತಾ ಇದೀನಿ.

ಅದೇ ಮನ್ಯಾಗ ಕೂಸಿಗೆ ಮಾತ್ರ ಒಳಲಿ ತುಂಬ ನೀರು.

ಸಂಡೂರಿನ ಸಿಸ್ಟರ್
*ಬುಧವಾರ, ಬೆಳಿಗ್ಗೆ 5.50*

ತಂಗಿ, ನೈಟ್ ಡ್ಯೂಟಿ ಮುಗಿಸಿ ಬಂದು ಇದನ್ನು ಓದಿದೆ. ಕಣ್ಣು ತುಂಬಿ ಬಂತು. ನೀನು ಹೇಳಿದ್ದು ನೂರಕ್ಕೆ ನೂರು ಸತ್ಯ. ನಾವು ನೀರನ್ನು ತಪ್ಪು ಬಾಯಿಗೆ ಹಾಕುತ್ತಿದ್ದೇವೆ.

ಆಸ್ಟ್ರೇಲಿಯಾದ ಪರ್ತ್‌ನಲ್ಲಿ ಪೀಟರ್ ಹಾರ್ಟ್‌ಮನ್ ಅವರ ತಂಡ 71 ತಾಯಂದಿರ ಕೂಸುಗಳನ್ನು ಪ್ರತಿ ಸಲ ಕುಡಿಯುವ ಮೊದಲು, ಕುಡಿದ ಮೇಲೆ ತೂಗಿ 24 ತಾಸಿನ ಲೆಕ್ಕ ಹಾಕಿತು. 2006ರಲ್ಲಿ ಪ್ರಕಟವಾಯಿತು. ಸರಾಸರಿ 788 ಗ್ರಾಂ ಹಾಲು, ದಿನಕ್ಕೆ ಹನ್ನೊಂದು ಸಲದ ಆಸುಪಾಸು. ಅಂದರೆ ಬಾಣಂತಿಯ ಮೈಯಿಂದ ದಿನಕ್ಕೆ ಮುಕ್ಕಾಲು ಲೀಟರಿನಷ್ಟು ನೀರು ಹಾಲಾಗಿ ಹೋಗುತ್ತದೆ, ಬೆವರು ಬೇರೆ. ಎರಡು ಲೋಟ ಕೊಟ್ಟರೆ ಆಕೆ ಎಲ್ಲಿಂದ ತರಬೇಕು? ಆಕೆಯ ಮೈ ತಾನು ಒಣಗಿಯಾದರೂ ಹಾಲು ಇಳಿಸುತ್ತದೆ. ಅದೇ ನಮಗೆ ಕಾಣುವುದಿಲ್ಲ. ಕೂಸು ತುಂಬಿಕೊಂಡಿರುತ್ತದೆ, ತಾಯಿಗೆ ತಲೆಸುತ್ತು, ಮಲಬದ್ಧತೆ, ಉರಿಮೂತ್ರ. ಹಟ ಮಾಡಿ ಹೆಚ್ಚು ಕುಡಿದರೆ ಹಾಲು ಹೆಚ್ಚುತ್ತದೆ ಎಂದಲ್ಲ. ನೀರಡಿಕೆ ಆದಾಗ ತಡೆಯಬಾರದು, ಅಷ್ಟೇ. ಎದೆಗೆ ಹಚ್ಚಿಕೊಳ್ಳುವಾಗ ಪಕ್ಕದಲ್ಲಿ ಒಂದು ತಂಬಿಗೆ ಇರಲಿ. ಆ ಅಗ್ಗಿಷ್ಟಿಕೆಯ ಹೊಗೆ ತಾಯಿ, ಕೂಸು ಇಬ್ಬರ ಎದೆಗೂ ಕೆಟ್ಟದ್ದು.

ಪಥ್ಯದ ಮಾತು ಇನ್ನೂ ಗಂಭೀರ. ಹಾಲಿನ ಲ್ಯಾಕ್ಟೋಸ್, ಪ್ರೋಟೀನು ತಾಯಿ ಏನು ಉಂಡರೂ ಹೆಚ್ಚು ಬದಲಾಗುವುದಿಲ್ಲ. ಆದರೆ ಬಿ ಗುಂಪಿನ ಎಷ್ಟೋ ಜೀವಸತ್ವಗಳು ಹಾಗಲ್ಲ, ತಾಯಿಯಲ್ಲಿ ಕಡಿಮೆಯಾದರೆ ಹಾಲಿನಲ್ಲೂ ಕಡಿಮೆ. ಪಾಲಿಶ್ ಅಕ್ಕಿಯ ಬಿಳಿ ಅನ್ನ ಮಾತ್ರ ಉಂಡ ತಾಯಿಯ ಕೂಸಿಗೆ ಬಿ1 ಕೊರತೆಯಿಂದ ಎರಡು ಮೂರು ತಿಂಗಳಿಗೆ ದನಿ ಬಿದ್ದು ಹೋಗುವುದು, ವಾಂತಿ, ಏದುಸಿರು ಬರುವುದು ಉಂಟು. ತಡ ಮಾಡಿದರೆ ಜೀವಕ್ಕೆ ಅಪಾಯ, ಗುರುತಿಸಿ ಬಿ1 ಕೊಟ್ಟರೆ ಕೆಲವೇ ತಾಸಿನಲ್ಲಿ ಚೇತರಿಕೆ. ಹಾಲು, ಮೊಸರು, ಮೊಟ್ಟೆ, ಮಾಂಸ ಯಾವುದೂ ಇಲ್ಲದ ತಾಯಿಯಲ್ಲಿ ಬಿ12 ಕಡಿಮೆ. ಬೆಂಗಳೂರಿನ ಸೇಂಟ್ ಜಾನ್ಸ್‌ನಲ್ಲಿ ಬಸುರಿಯರಿಗೆ ಬಿ12 ಗುಳಿಗೆ ಕೊಟ್ಟು ಹೆರಿಗೆಯಾದ ಆರು ವಾರದ ತನಕ ಮುಂದುವರಿಸಿದಾಗ ಅವರ ಹಾಲಿನಲ್ಲೂ ಬಿ12 ಏರಿತು, 2014ರಲ್ಲಿ ಪ್ರಕಟವಾದ ಕೆಲಸ.

ನಮ್ಮವರ ಅಂಟಿನ ಉಂಡಿ, ಅಳವಿ ಪಾಯಸ, ಕೊಬ್ಬರಿ-ಉತ್ತತ್ತಿ ಎಲ್ಲಾ ಒಳ್ಳೆಯದು, ಇರಲಿ. ಜೊತೆಗೆ ಜೋಳದ ರೊಟ್ಟಿ, ಹೆಸರುಬೇಳೆ, ಸಬ್ಬಸಿಗೆ, ಮೆಂತ್ಯೆ ಪಲ್ಲೆ, ಮೊಸರು ಇರಲಿ.

ಹಾಲಿನಲ್ಲಿ ನಿಜಕ್ಕೂ ಕಡಿಮೆ ಇರುವುದು ವಿಟಮಿನ್ ಡಿ. ದಿನಕ್ಕೆ 400 ಐ.ಯು. ಹನಿ ಕೂಸಿಗೆ ಕೊಡಬೇಕು ಎಂದು ನಮ್ಮ ಮಕ್ಕಳ ವೈದ್ಯರ ಸಂಘದವರು ಹೇಳುತ್ತಾರೆ. ಹನಿ ನೀರೂ ಬೇಡ ಎನ್ನುವುದಕ್ಕೆ ಔಷಧ, ಓಆರ್‌ಎಸ್ ಸೇರುವುದಿಲ್ಲ.

ಕೊಪ್ಪಳದ ಅಮ್ಮ
*ಬುಧವಾರ, ಬೆಳಿಗ್ಗೆ 10.15*

ಇದನ್ನೆಲ್ಲಾ ಓದುವಾಗ ಎದಿಯೊಳಗ ಮುಳ್ಳು ಆಡಿದಂಗ ಆತು. ನನ್ನ ಮಗ 32 ವಾರಕ್ಕ ಹುಟ್ಟಿದ, 1 ಕೆ.ಜಿ. 400 ಗ್ರಾಂ. ಗಾಜಿನ ಪೆಟ್ಟಿಗ್ಯಾಗ ಹದಿನೆಂಟು ದಿನ. ಎದಿಗೆ ಹಚ್ಚಾಕ ಆಗಲಿಲ್ಲ, ಅವನಿಗೆ ಚೀಪೋ ಶಕ್ತಿನೇ ಇರಲಿಲ್ಲ. ಮೂರು ತಾಸಿಗೊಮ್ಮೆ ಸ್ಟೀಲ್ ಬಟ್ಟಲದಾಗ ಹಿಂಡಿ ಒಯ್ದು ಕೊಡ್ತಿದ್ದೆ. ಮೊದಲ ದಿನ ಬಟ್ಟಲದ ತಳ ಸುತ ಮುಚ್ಚಲಿಲ್ಲ. ಅಲ್ಲಿದ್ದ ಒಬ್ಬರು "ಇಷ್ಟಕ್ಕ ಯಾಕ ಬರ್ತಿ, ಪೌಡರ್ ತಾ" ಅಂದ್ರು. ಅಳಕೋತ ವಾಪಸ್ ಬಂದೆ. ಆಮ್ಯಾಲ ಪೌಡರ್ ಹಾಲೂ ಕೊಟ್ಟಾರ ಅವನಿಗೆ. ನಾನು ತಪ್ಪು ಮಾಡಿದ್ನಾ?

ಬಳ್ಳಾರಿ ಸೂಕ್ಷ್ಮದರ್ಶಕ
*ಬುಧವಾರ, ಬೆಳಿಗ್ಗೆ 10.40*

ಇಲ್ಲ ಅಕ್ಕ. ನೀವು ಮಾಡಿದ್ದು ಎಲ್ಲಕ್ಕಿಂತ ದೊಡ್ಡ ಕೆಲಸ. ಅವಧಿಗೆ ಮುಂಚೆ ಹುಟ್ಟಿದ ಕೂಸುಗಳ ಕರುಳು ಕೊಳೆಯುವ ಒಂದು ಭಯಂಕರ ಕಾಯಿಲೆ ಇದೆ. ಇಂಗ್ಲೆಂಡಿನಲ್ಲಿ ಅಲನ್ ಲೂಕಾಸ್ ಮತ್ತು ಟಿಮ್ ಕೋಲ್ ಇಂಥ 926 ಕೂಸುಗಳನ್ನು ನೋಡಿ 1990ರಲ್ಲಿ ಬರೆದರು. ಬರೀ ಪೌಡರ್ ಹಾಲು ಕುಡಿದವುಗಳಲ್ಲಿ ಆ ಕಾಯಿಲೆ, ಬರೀ ಎದೆಹಾಲು ಕುಡಿದವುಗಳಿಗಿಂತ ಆರರಿಂದ ಹತ್ತು ಪಟ್ಟು ಹೆಚ್ಚು. ಎರಡನ್ನೂ ಕುಡಿದವು ಬರೀ ಪೌಡರ್‌ನವಕ್ಕಿಂತ ಎಷ್ಟೋ ಮೇಲು. ಬಟ್ಟಲ ತಳ ಮುಚ್ಚದ ಆ ಹಾಲು ನಿಮ್ಮ ಮಗನ ಕರುಳು ಕಾದಿದೆ.

ಅವಧಿಗೆ ಮುಂಚೆ ಹೆತ್ತ ತಾಯಿಯ ಹಾಲಿನಲ್ಲಿ ಮೊದಲ ವಾರಗಳಲ್ಲಿ ಪ್ರೋಟೀನು ಹೆಚ್ಚೇ ಇರುತ್ತದೆ. ತಾಯಿಗೆ ಹಾಲು ಬಾರದಾಗ ಬೇರೆ ತಾಯಂದಿರು ದಾನ ಕೊಟ್ಟ ಹಾಲನ್ನು 62.5 ಡಿಗ್ರಿಯಲ್ಲಿ ಅರ್ಧ ತಾಸು ಕಾಸಿ ಕೊಡುವ ಹಾಲಿನ ಬ್ಯಾಂಕುಗಳೂ ಇವೆ. ನಮ್ಮ ದೇಶದಲ್ಲಿ ಮೊದಲನೆಯದನ್ನು 1989ರಲ್ಲಿ ಮುಂಬೈನ ಸಯನ್ ಆಸ್ಪತ್ರೆಯಲ್ಲಿ ಡಾ. ಆರ್ಮಿಡಾ ಫರ್ನಾಂಡಿಸ್ ಶುರು ಮಾಡಿದರು. ರಾಯಚೂರು, ಕೊಪ್ಪಳ, ಬಳ್ಳಾರಿ, ನಮ್ಮ ಈ ಮೂರೂ ಜಿಲ್ಲೆಯ ಎಳೆಕೂಸುಗಳಿಗೆ ಹತ್ತಿರದಲ್ಲೇ ಅದು ಸಿಗಬೇಕು ಎಂಬುದು ನನ್ನ ಬಹುದಿನದ ಆಸೆ.

ಗಂಗಾವತಿ ಸೊಸೆ
*ಬುಧವಾರ, ಮಧ್ಯಾಹ್ನ 3.00*

ನಾನು ಮುಂದಿನ ತಿಂಗಳು ಅಂಗಡಿ ಕೆಲಸಕ್ಕ ಹೋಗಬೇಕು. ಹಿಂಡಿಟ್ಟ ಹಾಲು ಈ ಬಿಸಲಾಗ ಎಷ್ಟೊತ್ತು ತಡೀತೈತ್ರಿ?

ಸಂಡೂರಿನ ಸಿಸ್ಟರ್
*ಬುಧವಾರ, ಸಂಜೆ 4.10*

ಹೊರಗೆ ಇಡಬೇಡ. 25 ಡಿಗ್ರಿಯಲ್ಲಿ ನಾಲ್ಕು ತಾಸು ಸರಿ, 38ರಲ್ಲಿ ಇಡಲೇಬಾರದು ಎಂದು 1996ರಲ್ಲೇ ಅಮೆರಿಕದ ಮಾರ್ಗಿಟ್ ಹಮೋಶ್ ಅವರ ತಂಡ ಪರೀಕ್ಷಿಸಿ ಹೇಳಿದೆ. ನಮ್ಮ ಮನೆಗಳ ಒಳಗೇ ಅಷ್ಟಿರುತ್ತದೆ. ಹಿಂಡಿದ ಕೂಡಲೇ ಫ್ರಿಜ್ಜಿನ ಒಳಭಾಗದಲ್ಲಿ ಇಡು, ಬಾಗಿಲಲ್ಲಿ ಬೇಡ. ಒಲೆಯ ಮೇಲೆ ಕಾಸಬೇಡ, ಬಿಸಿನೀರಿನ ಬಟ್ಟಲಲ್ಲಿ ಇಟ್ಟು ಬೆಚ್ಚಗೆ ಮಾಡು. ಬಾಟಲಿ ಬೇಡ, ಒಳಲೆಯಲ್ಲೇ ಕುಡಿಸಲಿ. ಕರೆಂಟು ತಾಸುಗಟ್ಟಲೆ ಹೋದ ದಿನ ಆ ಹಾಲನ್ನು ನೆಚ್ಚಬೇಡ.

ಲಿಂಗಸುಗೂರಿನ ಅಪ್ಪ
*ಶನಿವಾರ, ರಾತ್ರಿ 9.15*

ಎಲ್ಲಾರಿಗೂ ಕೈ ಮುಗಿದೆ. ಮೂರು ದಿನ ಬರಿಯಾಕ ಆಗಲಿಲ್ಲ.

ಬುಧವಾರ ರಾತ್ರಿ ಅವ್ವನ ಕುಂದ್ರಿಸಿಕೊಂಡು ನೀವು ಬರೆದಿದ್ದನ್ನೆಲ್ಲ ಓದಿ ಹೇಳಿದೆ. ಫ್ಲೋರೈಡ್ ಮಾತಿಗೆ ಸುಮ್ನಿದ್ಲು. ದೆಹಲಿ ಮಾತಿಗೂ ಸುಮ್ನಿದ್ಲು. ಗಂಗಾವತಿ ಅಕ್ಕ ಬಕೆಟ್ಟಿನ ನೀರು ಕುಡಿದದ್ದು ಓದಿದಾಗ "ಓದೋದು ನಿಂದ್ರಿಸು" ಅಂದ್ಲು. ಭಾಳ ಹೊತ್ತು ಮಾತಾಡಲಿಲ್ಲ. ಆಮ್ಯಾಲ ತನ್ನ ಎರಡನೇ ಬಾಣಂತನದ್ದು ಹೇಳಿದ್ಲು, ನನ್ನ ತಂಗಿ ಹುಟ್ಟಿದ್ದು. ಆಕಿನೂ ಹಂಗ ಒಣಗಿದ್ಲಂತ. ನನಗ ಇಷ್ಟು ವರ್ಷ ಗೊತ್ತೇ ಇರಲಿಲ್ಲ.

ಇವತ್ತ ಅಂಗನವಾಡ್ಯಾಗ ಕೂಸಿನ ತೂಗಿಸಿದ್ವಿ. ಹುಟ್ಟಿದಾಗ 2 ಕೆ.ಜಿ. 700 ಇದ್ಲು, ಈಗ 3 ಕೆ.ಜಿ. 900. ಮಧ್ಯಾಹ್ನ ಎರಡು ತಾಸಿಗೊಮ್ಮೆ ಎಬ್ಬಿಸ್ತೀವಿ. ತಗಡಿನ ಮ್ಯಾಲ ಜೋಳದ ದಂಟು ಹಾಸಿ ನೀರು ಚಿಮುಕಿಸಿದೆ, ಒಳಗ ಸ್ವಲ್ಪ ತಂಪು ಐತಿ. ಅವ್ವ ಹೊಸ ಮಡಕಿ ತಂದು ನನ್ನ ಹೆಂಡತಿ ಮಂಚದ ಬಾಜೂಕ ಇಟ್ಟಾಳ. ರಾತ್ರಿ ಕೂಸು ಅತ್ತಾಗ ಅವ್ವನೇ ಮೊದಲು ಏಳ್ತಾಳ, ತಂಬಿಗಿ ತುಂಬಿ ಸೊಸಿ ಕೈಯಾಗ ಕೊಟ್ಟು, ಕುಡಿಯೋತನಾ ನಿಂತಿರ್ತಾಳ.

ದೇವದುರ್ಗದ ಹಿರಿಯ
*ಶನಿವಾರ, ರಾತ್ರಿ 9.40*

ನಮ್ಮ ಮೊಮ್ಮಗಳದ್ದು ಜೂನ್‌ನಾಗ ಹೆರಿಗಿ ಐತಿ. ಇದನ್ನೆಲ್ಲ ಕಾಗದದ ಮ್ಯಾಲ ಬರಸಿ ಇಟ್ಕೊಂಡೀನಿ.

ಸಂಡೂರಿನ ಸಿಸ್ಟರ್
*ಶನಿವಾರ, ರಾತ್ರಿ 10.30*

ಅವ್ವಾರಿಗೆ ನನ್ನ ನಮಸ್ಕಾರ ಹೇಳಿ. ತೂಕ ಚೆನ್ನಾಗಿ ಏರಿದೆ. ಆರನೇ ವಾರದ ಲಸಿಕೆ ಆಗಿದೆಯಾ? ಆಗಿರದಿದ್ದರೆ ಬರುವ ಲಸಿಕೆ ದಿನವೇ ಹಾಕಿಸಿ, ಆಶಾ ಅಕ್ಕಾರನ್ನು ಕೇಳಿ.